ಜೆಸ್ಸಿ ಅನ್ನ ಬಿಟ್ಟದ್ದು

ಜಾನಿಸ್ ತೆಳ್ಳಗಾದದ್ದನ್ನು ಜೆಸ್ಸಿಗೆ ಸಹಿಸಲಾಗಲಿಲ್ಲ. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ಅದು ಶುದ್ಧ ಹೊಟ್ಟೆಕಿಚ್ಚು. ಇಬ್ಬರೂ ಓರಗಿತ್ತಿಯರು. ಜೆಸ್ಸಿಯ ಗಂಡ ಆನ್ಸೆಲ್ಮ್ ಅಣ್ಣ, ಜಾನಿಸಳ ಗಂಡ ಸೆಡ್ರಿಕ್ ತಮ್ಮ. ಗಲ್ಫಿನ ಅಲ್ ಕುಸೈಸಿನ ಒಂದೇ ಕಟ್ಟಡದಲ್ಲಿ ಮೇಲೊಂದು ಸಂಸಾರ, ಕೆಳಗೊಂದು ಸಂಸಾರ.

ಜೆಸ್ಸಿ ರಾಸ್ ಅಲ್ ಖೋರ್‌ನ ಗ್ಯಾರೇಜೊಂದರ ಆಫೀಸಿನಲ್ಲಿ ಫೋನು ಹಿಡಿದು ಸಿಟ್ಟಾದ ಗಿರಾಕಿಗಳನ್ನು ಸಮಾಧಾನ ಮಾಡುವವಳು. ಕೂತು ಕೂತು ಮೈ ಬಂದಿತ್ತು. ಅದರ ಚಿಂತೆ ಅವಳಿಗೆ ಎಂದೂ ಇರಲಿಲ್ಲ, ಯಾಕೆಂದರೆ ಜಾನಿಸ್ ಅವಳಿಗಿಂತ ದಪ್ಪ ಇದ್ದಳು. ಫೋಟೋಕ್ಕೆ ನಿಲ್ಲುವಾಗ ಜೆಸ್ಸಿ ಹೋಗಿ ಜಾನಿಸಳ ಪಕ್ಕದಲ್ಲೇ ನಿಲ್ಲುತ್ತಿದ್ದಳು.

ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂರುವ ಜಾನಿಸ್ ಅಲ್ಲಿ ಯಾರದೋ ಮಾತು ಕೇಳಿ ಅನ್ನ, ಖುಬ್ಬೂಸ್ ರೊಟ್ಟಿ, ಸಕ್ಕರೆ ಎಲ್ಲ ಬಿಟ್ಟಳು. ಮೊಟ್ಟೆ, ಮೀನು, ಸೌತೆಕಾಯಿ, ಅಷ್ಟೆ. ಈಸ್ಟರ್ ಬರುವಷ್ಟರಲ್ಲಿ ಅವಳಿಗೆ ಕುತ್ತಿಗೆ ಮೂಡಿತ್ತು. ಇಗರ್ಜಿಯ ಅಂಗಳದಲ್ಲಿ ಹೆಂಗಸರು ಅವಳನ್ನು ಮುತ್ತಿಕೊಂಡರು. ಆನ್ಸೆಲ್ಮ್ ಕಾರಿನಲ್ಲಿ, "ಹಿಂದಿನಿಂದ ನೋಡಿ ಯಾರೋ ಕಾಲೇಜು ಹುಡುಗಿ ಅಂತ ಮಾಡಿದೆ ಮಾರಾಯ್ತಿ" ಎಂದ. ಪಕ್ಕದಲ್ಲಿ ಹೊಸ ಸೀರೆ ಉಟ್ಟು ಕೂತಿದ್ದ ಹೆಂಡತಿಗೆ ಒಂದು ಮಾತಿಲ್ಲ. ಜೆಸ್ಸಿಯ ಮೈಯೆಲ್ಲ ಉರಿದುಹೋಯಿತು.

ಜುಲೈಯಲ್ಲಿ ಅವಳೂ ಗುಟ್ಟಾಗಿ ಅನ್ನ ಬಿಟ್ಟಳು. ಕೇಳಿದರೆ ಗ್ಯಾಸ್ಟ್ರಿಕ್ ಎಂದಳು. ಜಾನಿಸಳನ್ನು ನೋಡಿ ಮಾಡಿದ್ದು ಎಂದು ಯಾರೂ ಅನ್ನಬಾರದು, ಆದರೆ ಒಂದು ದಿನ ಆನ್ಸೆಲ್ಮ್ ತಾನಾಗಿ ಗುರುತಿಸಿ, "ಏನು, ಇಳಿದಿದ್ದೀ?" ಎನ್ನಬೇಕು. ಆ ಒಂದು ಮಾತಿಗಾಗಿ ಅವಳು ಬಾಯಿ ಕಟ್ಟಿದಳು. ತಲೆನೋವು ಬಂತು, ಗಿರಾಕಿಗಳ ಮೇಲೆ ರೇಗಿದಳು. ಸೀರೆಯ ನೆರಿಗೆ ಎರಡು ಹೆಚ್ಚಾಯಿತು. ಆನ್ಸೆಲ್ಮ್ ಮಾತ್ರ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

ಆ ವರ್ಷ ತೆನೆ ಹಬ್ಬ ಶುಕ್ರವಾರವೇ ಬಂತು, ಎಲ್ಲರಿಗೂ ವಾರದ ರಜೆ. ಜೆಸ್ಸಿ ತಾನಾಗಿಯೇ ಜಾನಿಸಳನ್ನೂ ಸೆಡ್ರಿಕನನ್ನೂ ಊಟಕ್ಕೆ ಕರೆದಳು. ಒಳಗೊಂದು ಕುತಂತ್ರವಿತ್ತು. ಮೇರಿಯಮ್ಮನ ಹುಟ್ಟುಹಬ್ಬದ ಆ ದಿನ ಮೀನಿಲ್ಲ, ಮಾಂಸವಿಲ್ಲ, ಮೊಟ್ಟೆಯೂ ಇಲ್ಲ. ಅನ್ನ, ತರಕಾರಿ, ಪಾಯಸ, ಮೇಲೆ ಜೆಸ್ಸಿ ಹಬೆಯಲ್ಲಿ ಬೇಯಿಸಿದ ಹೂವಿನಂಥ ಅಕ್ಕಿಯ ಸನ್ನ. ಏನು ತಿನ್ನುತ್ತಾಳೆ ನೋಡೋಣ ಎಂದು ಜೆಸ್ಸಿ ತೆಂಗಿನಹಾಲು ಹಿಂಡಿದಳು.

ಆನ್ಸೆಲ್ಮ್ ಮನೆಯ ಹಿರಿಯನಾಗಿ ಪ್ರಾರ್ಥನೆ ಹೇಳಿ, ಇಗರ್ಜಿಯಿಂದ ತಂದ ತೆನೆಯ ಅಕ್ಕಿಯನ್ನು ಹಾಲಿಗೆ ಹಾಕಿ ಎಲ್ಲರಿಗೂ ಹಂಚಿದ. ಜಾನಿಸ್ ಭಕ್ತಿಯಿಂದ ಕುಡಿದಳು. ಆಮೇಲೆ ಬೆಂಡೆ, ಹಾಗಲಕಾಯಿ, ಹರಿವೆ ಬಡಿಸಿಕೊಂಡು ಅನ್ನದ ಪಾತ್ರೆಯನ್ನು ಮುಂದಕ್ಕೆ ಕೊಟ್ಟಳು.

"ಹಬ್ಬದ ದಿನವೂ ಡಯೆಟ್ಟಾ? ಎರಡು ಸನ್ನ ಹಾಕ್ಕೊ" ಎಂದು ಜೆಸ್ಸಿ ತಟ್ಟೆಗೇ ಹಾಕಲು ಹೋದಳು.

"ಅವಳಿಗೆ ಒತ್ತಾಯ ಮಾಡ್ಬೇಡ" ಎಂದ ಆನ್ಸೆಲ್ಮ್. "ಪಾಪ, ಎಷ್ಟು ಕಷ್ಟಪಟ್ಟು ಇಳಿಸಿದ್ದಾಳೆ." ಆ ಸನ್ನಗಳನ್ನು ಎತ್ತಿ ಹೆಂಡತಿಯ ತಟ್ಟೆಗೆ ಹಾಕಿದ. "ನೀನು ತಿನ್ನು. ನಿನಗೆ ಎಂಥ ಡಯೆಟ್!"

ಬಾಯಿ ಬಿಟ್ಟರೆ ಅಳುವೇ ಬರುತ್ತದೆ ಎಂದು ಜೆಸ್ಸಿ ಸನ್ನ ಮುರಿದಳು. ಎಷ್ಟೋ ವಾರಗಳ ಮೇಲೆ ನಾಲಿಗೆಗೆ ಬಿದ್ದದ್ದು. ಸಿಟ್ಟಿನಲ್ಲೇ ಎರಡೂ ತಿಂದು ಮೂರನೆಯದಕ್ಕೆ ಕೈಹಾಕಿದಳು.

ಪಾತ್ರೆ ತೊಳೆಯುವಾಗ ಜಾನಿಸ್ ಪಕ್ಕಕ್ಕೆ ಬಂದು ನಿಂತಳು.

"ಅಕ್ಕಾ, ನೀವೂ ಅನ್ನ ಬಿಟ್ಟಿದ್ರಿ ಅಲ್ವಾ? ವಾಚು ಕೈಯಲ್ಲಿ ಗಿರ್ರನೆ ತಿರುಗ್ತಾ ಉಂಟು. ಚೆನ್ನಾಗಿ ಇಳಿದಿದ್ದೀರಿ."

ಕಾದು ಕೂತಿದ್ದ ಮಾತು. ಅದು ಇವಳ ಬಾಯಿಂದಲೇ ಬರಬೇಕೇ!

"ಇಲ್ಲಪ್ಪ, ಗ್ಯಾಸ್ಟ್ರಿಕ್" ಎಂದು ಜೆಸ್ಸಿ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.