ಆಕ್ಸಿಲರೇಟರ್ ಕೆಳಗಿನ ಮರದ ತುಂಡು

ಜೀಪಿನ ಬಣ್ಣ ಹಸಿರೋ ಬೂದಿಯೋ ಈಗ ಖಾತ್ರಿಯಿಲ್ಲ. ಆ ದಿನ ನಾಲೆಯಲ್ಲಿ ನೀರಿತ್ತೋ ಇಲ್ಲವೋ, ಅದನ್ನೂ ಆಣೆಯಿಟ್ಟು ಹೇಳಲಾರೆ. ನೆನಪಿನಲ್ಲಿ ಅದು ಒಮ್ಮೆ ತುಂಬಿ ಹರಿಯುತ್ತದೆ, ಇನ್ನೊಮ್ಮೆ ಬರೀ ಕೆಸರು. ತೊಂಬತ್ತರ ದಶಕದ ಕೊನೆ, ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ ಎನ್ನುವುದಷ್ಟು ನಿಜ.

ಜೀಪು ಸೋದರಮಾವನದು. ಹದಿನಾರು ಎಂಬ ಊರಿನ ಹತ್ತಿರ ಅವನ ಮನೆ. ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ ಜನ, ಮೂಟೆ ಸಾಗಿಸುತ್ತಿದ್ದ. ಪೆಟ್ರೋಲ್ ಎಂಜಿನ್ ಕಿತ್ತು ದೊಡ್ಡ ಡೀಸೆಲ್ ಎಂಜಿನ್ ಕೂರಿಸಿದ್ದ. ಅದೂ ಸಾಲದೆಂದು ನಂಜನಗೂಡಿನಲ್ಲಿ ಎಂಜಿನ್ನಿಗೆ ಡೀಸೆಲ್ ಹಾಯಿಸುವ ಪಂಪಿನ ತಿರುಪು ತಿರುಗಿಸಿ ಎಳೆತ ಇನ್ನಷ್ಟು ಏರಿಸಿಕೊಂಡು ಬಂದ. ಗೇರ್‌ಬಾಕ್ಸ್ ಮಾತ್ರ ಹಳೆಯದೇ. ಪೆಟ್ರೋಲ್ ಎಂಜಿನ್ನಿಗೆಂದು ಮಾಡಿದ ಅದರ ಹಲ್ಲುಗಳು ಈ ಬಲ ತಡೆಯವೆಂದು ಅವನಿಗೂ ಗೊತ್ತಿತ್ತು. “ಎತ್ತು ಕೊಬ್ಬಿದ್ರೆ ನೊಗ ಮುರೀತದೆ ಕಣವ್ವ,” ಎನ್ನುತ್ತಿದ್ದ.

ಅದಕ್ಕೇ ಪೆಡಲಿನ ಕೆಳಗೆ ಹಲಸಿನ ಮರದ ತುಂಡೊಂದನ್ನು ಸಿಕ್ಕಿಸಿದ್ದ. ಎಷ್ಟು ತುಳಿದರೂ ಆಕ್ಸಿಲರೇಟರ್ ಅರ್ಧಕ್ಕೇ ನಿಲ್ಲುತ್ತಿತ್ತು. ಹಿಂದೆ ಕೂತವರು, “ಆನೆ ತಂದು ಕಾಲು ಕಟ್ಟಾಕವ್ನೆ ನೋಡ್ಲಾ,” ಎಂದು ಆಡಿಕೊಳ್ಳುತ್ತಿದ್ದರು. ಹಾಗಿದ್ದರೆ ಏರಿಸಿದ್ದಾದರೂ ಯಾಕೆ ಎಂದು ನಾನು ಕೇಳಿದ್ದಕ್ಕೆ, ಬೇಕಾದ ದಿನಕ್ಕೆ ಇರಲಿ ಅಂದ.

ಆ ದಿನ ಬಂತು. ಅವನ ಹೆಂಡತಿಗೆ, ನನ್ನ ಅತ್ತೆಗೆ, ಚೊಚ್ಚಲ ಹೆರಿಗೆಯ ನೋವು ದಿನ ತುಂಬುವ ಮೊದಲೇ ಶುರುವಾಯಿತು. ಅವಳ ತವರು ಟಿ. ನರಸೀಪುರ, ಅಲ್ಲಿನ ಆಸ್ಪತ್ರೆಗೇ ಹೊರಟೆವು. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ನಾಲೆಯ ಏರಿ ಹತ್ತುವಾಗ ಮಾವ ಬಗ್ಗಿ ತುಂಡನ್ನು ಕಿತ್ತು ಹಿಂದಕ್ಕೆ ಎಸೆದ. ಅದು ನನ್ನ ಕಾಲಿಗೆ ತಗುಲಿತು. ಜೀಪು ಹಿಂದೆಂದೂ ಇಲ್ಲದ ಹಾಗೆ ನೆಗೆಯಿತು. ಆಮೇಲೆ ಕೆಳಗಿನಿಂದ, ರಾಗಿಕಲ್ಲಿಗೆ ಬೆಣಚುಕಲ್ಲು ಸಿಕ್ಕಂಥ ಸದ್ದು. ಗೇರಿನ ಹಲ್ಲು ಮುರಿದಿತ್ತು.

ಎಂಜಿನ್ ಮಾತ್ರ ತನ್ನ ಪೂರ್ತಿ ಬಲದಲ್ಲಿ ಅರಚುತ್ತಿತ್ತು. ಮಾವ ತುಳಿಯುತ್ತಲೇ ಇದ್ದ. ಪಕ್ಕದ ಹೊಂಗೆಮರ ಇದ್ದಲ್ಲೇ ಇತ್ತು. ಈಗಲೂ ಸಿಗ್ನಲ್ಲಿನಲ್ಲಿ ಯಾರಾದರೂ ನಿಂತಲ್ಲೇ ಎಂಜಿನ್ ಅರಚಿಸಿದರೆ, ಕಿಟಕಿಯಾಚೆ ನೋಡಲು ನನಗೆ ಧೈರ್ಯ ಸಾಲದು.

ಬಹಳ ಹೊತ್ತಿನ ಮೇಲೆ ಯಾರದೋ ಟ್ರ್ಯಾಕ್ಟರ್ ಸಿಕ್ಕಿ ಆಸ್ಪತ್ರೆ ಮುಟ್ಟಿದೆವು. ಅತ್ತೆ ಉಳಿದಳು. ಕೂಸು ಉಳಿಯಲಿಲ್ಲ. ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ.

ಮಾವ ಸಾಯುವವರೆಗೂ ಒಂದೇ ಮಾತು ಹೇಳಿದ: “ಅವ್ಳೇ ತೆಗಿ ಅಂದ್ಲು, ತೆಗ್ದೆ.” ಅವಳ ಆತುರಕ್ಕೆ ಕೂಸು ಹೋಯಿತೆಂದು ನೆಂಟರೆಲ್ಲ ನಂಬಿದರು. ಅತ್ತೆ ಒಮ್ಮೆಯೂ ಅಲ್ಲ ಅನ್ನಲಿಲ್ಲ. ನನಗೆ ನೆನಪಿರುವುದೇ ಬೇರೆ: ಅವಳ ಬಾಯಲ್ಲಿ ನನ್ನ ದುಪಟ್ಟದ ತುದಿ ಇತ್ತು, ಅದನ್ನು ಕಚ್ಚಿ ಹಿಡಿದಿದ್ದಳು, ಮಾತೇ ಆಡಲಿಲ್ಲ. ಆದರೆ ನಾಲೆಯ ನೀರನ್ನೇ ನೆಟ್ಟಗೆ ನೆನಪಿಡದವಳು ಇದನ್ನು ಹೇಗೆ ನಂಬಲಿ? ಅವಳನ್ನು ಕಾಪಾಡಬೇಕೆಂಬ ಆಸೆಯೇ ಆ ದುಪಟ್ಟವನ್ನು ಅವಳ ಬಾಯಿಗೆ ತುರುಕಿರಬಹುದು.

ಮಾವನ ವರ್ಷದ ತಿಥಿ ಮುಗಿದ ಮೇಲೆ, ಅತ್ತೆ ತವರಿಗೆ ಮರಳಿದ್ದಳೆಂದು, ನರಸೀಪುರಕ್ಕೆ ಹೋಗಿದ್ದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿದೆ. ಬುಟ್ಟಿ ಬರಿದಾದಾಗ ಕೇಳಿದೆ; ಅವಳು ಸಿಪ್ಪೆಯನ್ನೆಲ್ಲ ಮೊರಕ್ಕೆ ತುಂಬಿಕೊಂಡು ಹಿತ್ತಿಲಿಗೆ ಎದ್ದುಹೋದಳು. ನಾನು ಕೇಳಿದ್ದು ಇಷ್ಟೇ:

“ಅತ್ತೆ, ಅವತ್ತು ತೆಗಿ ಅಂತ ನಿಜವಾಗ್ಲೂ ನೀನೇ ಅಂದಿದ್ದಾ?”