ಎರಡು ಕೂದಲೆಳೆಯಷ್ಟು ಗಂಧ

ಐವತ್ತೊಂಬತ್ತು ದಾಟುತ್ತಿರುವ ಚನ್ನಮಲ್ಲಪ್ಪ ಈವರೆಗೆ ಒಂದು ಗುಂಡನ್ನೂ ಹಾರಿಸಿದವನಲ್ಲ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಡಬ್ಬಿಯಲ್ಲಿ ರೊಟ್ಟಿ ಮತ್ತು ಹೆಸರುಕಾಳಿನ ಪಲ್ಯ. ಇಂಥ ಮನುಷ್ಯ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿ ರೈಫಲ್ ನಳಿಕೆ ಕೊರೆಯುವ ಅಂಗಡಿಯಲ್ಲಿ ದುಡಿಯುತ್ತಾನೆಂದರೆ ಕನ್ನಡ ಸಂಘದವರು ಸುಮ್ಮನಿರುತ್ತಾರೆಯೇ? ಯುಗಾದಿ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ಅವನ ಕಾಲೆಳೆಯುತ್ತಾರೆ. "ಗುಂಡು ಅವರದು, ಗುರಿನೂ ಅವರದು. ತೂತಷ್ಟ ನಂದ್ರಿ," ಎಂದು ಹೇಳಿ ಅವನು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾನೆ.

ಅವನು ಕೆಲಸ ಕಲಿತದ್ದು ಬೆಳಗಾವಿಯ ಉದ್ಯಮಬಾಗಿನ ಲೇತ್‌ಗಳ ಮುಂದೆ. ಆಮೇಲೆ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್‌ನ ಒಂದು ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ, ಎಣ್ಣೆಬಾವಿಗೆ ಇಳಿಸುವ ಉಪಕರಣಗಳ ಅಳತೆ ನೋಡುವ ಕೆಲಸ. ಎಣ್ಣೆಯ ಬೆಲೆ ನೆಲ ಕಚ್ಚಿದ ವರ್ಷ, ಒಂದು ಗುರುವಾರ ಬೆಳಿಗ್ಗೆ, ಬ್ಯಾಡ್ಜ್ ಬಿಚ್ಚಿಟ್ಟು ಮನೆಗೆ ಬಂದ. ಐವತ್ನಾಲ್ಕು ವರ್ಷದವನನ್ನು ಯಾರು ಕೇಳುತ್ತಾರೆ? ಇಂಟರ್‌ವ್ಯೂ ಮಾಡಿದವರೆಲ್ಲ ನಗುನಗುತ್ತ ಕೈಕುಲುಕಿ ಕಳಿಸಿದರು. ಮಗಳು ನಿವೇದಿತಾ "ಇಬ್ಬರೂ ಲೂಯಿಸ್‌ವಿಲ್‌ಗೆ ಬಂದುಬಿಡಿ ಪಪ್ಪಾ," ಎಂದು ಕರೆದಳು. ಮಗಳ ಅಪಾರ್ಟ್‌ಮೆಂಟಿನ ಸೋಫಾದ ಮೇಲೆ ಕೂತು ಟಿವಿ ನೋಡುವ ದಿನಗಳನ್ನು ನೆನೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಆಗ ಕೈಹಿಡಿದವನು ಎಲ್ರಾಯ್ ವೋಗಲ್, ಈ ನಳಿಕೆ ಅಂಗಡಿಯ ಯಜಮಾನ. ಎಂಬತ್ತರ ಹತ್ತಿರದ ಮುದುಕ. ಮಾತನ್ನು ಎಳೆದೆಳೆದು ಆಡುತ್ತಾನೆ, ಕೋಪ ಮಾತ್ರ ಥಟ್ಟನೆ ಬರುತ್ತದೆ. ಇಂಟರ್‌ವ್ಯೂ ಎಂಬುದೇ ಇರಲಿಲ್ಲ. ಒಂದು ಉಕ್ಕಿನ ಕಡ್ಡಿ ಕೊಟ್ಟು "ದಪ್ಪ ಎಷ್ಟಿದೆ, ಹೇಳು," ಎಂದ. ಚನ್ನಮಲ್ಲಪ್ಪ ಅದನ್ನು ತಿರುಗಿಸಿ ತಿರುಗಿಸಿ ಮೂರು ಕಡೆ ಅಳೆದು, "ಇದು ದುಂಡಗೇ ಇಲ್ಲವಲ್ಲ," ಎಂದ. "ನಾಳೆ ಏಳು ಗಂಟೆಗೆ ಬಾ," ಎಂದ ಮುದುಕ. ಆ ಮಾತನ್ನು ಚನ್ನಮಲ್ಲಪ್ಪ ಇವತ್ತಿಗೂ ದಿನಕ್ಕೊಮ್ಮೆ ನೆನೆಯುತ್ತಾನೆ.

ಈ ಎಲ್ರಾಯ್‌ಗೆ ಒಂದು ಹುಚ್ಚಿತ್ತು. ಅಂಗಡಿಯಲ್ಲಿ ಸಿಗುವ ರೈಫಲ್ ಕಾಡತೂಸಿನಿಂದ ಕೆಲವರಿಗೆ ಸಮಾಧಾನವಾಗುವುದಿಲ್ಲ. ಅದರ ಹಿತ್ತಾಳೆ ಕವಚ ತೆಗೆದುಕೊಂಡು ಕುತ್ತಿಗೆ ಕಿರಿದು ಮಾಡುತ್ತಾರೆ, ಕುತ್ತಿಗೆಯ ಕೆಳಗಿನ ಇಳಿಜಾರನ್ನು, ಅಂದರೆ ಕವಚದ ಭುಜವನ್ನು, ಹಿಂದಕ್ಕೆ ತಳ್ಳುತ್ತಾರೆ, ಅದಕ್ಕೆ ತಕ್ಕ ನಳಿಕೆ ಕೊರೆಸುತ್ತಾರೆ. ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲದ ಹೊಸದೊಂದು ಕಾಡತೂಸು ಹುಟ್ಟುತ್ತದೆ. ಇಂಥದ್ದನ್ನು ವೈಲ್ಡ್‌ಕ್ಯಾಟ್ ಎನ್ನುತ್ತಾರೆ. ಎಲ್ರಾಯ್‌ನ ಬಲಭುಜಕ್ಕೆ ಎರಡು ಸಲ ಆಪರೇಷನ್ ಆಗಿತ್ತು. ರೈಫಲ್ಲಿನ ಒದೆತ ಇನ್ನು ಆಗದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹಾಗಾದರೆ ಮೆಲ್ಲಗೆ ಒದೆಯುವ, ಆದರೂ ಮುನ್ನೂರು ಗಜ ನೆಟ್ಟಗೆ ಹೋಗುವ ಕಾಡತೂಸನ್ನು ತಾನೇ ಮಾಡುತ್ತೇನೆಂದು ಹಟಕ್ಕೆ ಬಿದ್ದ. ಹನ್ನೊಂದು ವರ್ಷ ಗೆರೆ ಎಳೆದ, ಅಳಿಸಿದ, ಮತ್ತೆ ಎಳೆದ. ಕಡೆಗೆ ಡಾಲಸ್‌ನಲ್ಲಿ ಹಿತ್ತಾಳೆ ಕವಚ ಮಾಡುವ ಸಣ್ಣ ಕಾರ್ಖಾನೆಯೊಂದು ಒಪ್ಪಿತು: ಒಂದೇ ಕವಚವನ್ನು ಐದು ಸಲ ತುಂಬಿ ಹಾರಿಸಿದರೂ ಬಿರುಕು ಬಿಡದಿದ್ದರೆ ಅವನ ಹೆಸರಿನಲ್ಲೇ ಮಾಡಿಕೊಡುತ್ತೇವೆ.

ಕಾಡತೂಸು ಕೂರುವ ಮನೆಯನ್ನು ನಳಿಕೆಯ ಹಿಂಬದಿಯಲ್ಲಿ ಕೊರೆಯಬೇಕು. ಎಷ್ಟು ಆಳಕ್ಕೆ ಎಂದು ಹೇಳುವುದು ಗೇಜು, ಅಂದರೆ ಕಾಡತೂಸಿನದೇ ಆಕಾರದ ಉಕ್ಕಿನ ತುಂಡು. ಅದು ಒಳಗೆ ಕೂತು, ಹಿಂದಿನಿಂದ ಮುಚ್ಚುವ ಅಗುಳಿಯಂಥ ಬೋಲ್ಟು ಹಿತವಾಗಿ ಮುಚ್ಚಿಕೊಂಡರೆ ಆಳ ಸರಿ. ಹೊಸ ಕಾಡತೂಸಾದ್ದರಿಂದ ಗೇಜನ್ನು ಹೇಳಿ ಮಾಡಿಸಬೇಕಾಯಿತು. ಇದ್ದದ್ದು ಒಂದೇ. ಅದು ಅಂಗಡಿಗೆ ಬಂದು ತಲುಪಿದ್ದು ಮಹಾನವಮಿಯ ಹಿಂದಿನ ದಿನ.

ಮಹಾನವಮಿಗೆ ಖಂಡೆ ಪೂಜೆ, ಅಂದರೆ ಆಯುಧಪೂಜೆ, ಮಾಡದೆ ಇದ್ದು ಚನ್ನಮಲ್ಲಪ್ಪನಿಗೆ ಗೊತ್ತಿಲ್ಲ. ಎಲ್ರಾಯ್‌ನ ಒಪ್ಪಿಗೆ ಪಡೆದು ಪ್ರತಿವರ್ಷ ತನ್ನ ಮೂಲೆಯ ಬೆಂಚಿನ ಮೇಲೆ ಉಪಕರಣಗಳನ್ನೆಲ್ಲ ಜೋಡಿಸುತ್ತಾನೆ. ಹೆಂಡತಿ ಸುಮಿತ್ರವ್ವ ಊರಿಂದ ತಂದ ಸಾಣೆಕಲ್ಲಿನ ಮೇಲೆ ಗಂಧ ತೇಯ್ದು ಸಣ್ಣ ಬಟ್ಟಲಲ್ಲಿ ಕೊಟ್ಟು ಕಳಿಸುತ್ತಾಳೆ. ಆ ವರ್ಷ ಹೊಸ ಗೇಜನ್ನೂ ಪೂಜೆಗಿಟ್ಟ. ಉಳಿದವರಿಗೆಲ್ಲ ಮೈಮೇಲೆ ಬೊಟ್ಟು. ಹೊಸಬನೆಂದು ಗೇಜಿಗೆ ತಲೆಗೊಂದು, ಬುಡಕ್ಕೊಂದು. ಮರುದಿನ ಎಣ್ಣೆಬಟ್ಟೆಯಿಂದ ಎಲ್ಲವನ್ನೂ ಒರೆಸಿ ನಳಿಕೆಯನ್ನು ಲೇತ್‌ಗೆ ಏರಿಸಿದ. ವಿಜಯದಶಮಿಗಿಂತ ಒಳ್ಳೆಯ ದಿನ ಬೇಕೆ?

ಅಕ್ಟೋಬರ್ ಕೊನೆಯಲ್ಲಿ ಎಲ್ರಾಯ್ ಹಾರಿಸಿ ನೋಡಿದ. ಎರಡನೆಯ ಸಲಕ್ಕೆ ಕವಚದ ಬುಡದ ಸುತ್ತ ಹೊಳೆಯುವ ಗೆರೆ ಮೂಡಿತು. ಹಿತ್ತಾಳೆ ಎಳೆದು ತೆಳ್ಳಗಾಗಿದೆ ಎಂದರ್ಥ. ಮೂರನೆಯ ಸಲಕ್ಕೆ ಬಿರುಕು. ಡಾಲಸ್‌ನವರಿಗೂ ಸುದ್ದಿ ಹೋಯಿತು. ಗೇಜು ಹಾಕಿ ನೋಡಿದರು. ಬೋಲ್ಟು ಹಿತವಾಗಿಯೇ ಮುಚ್ಚಿತು. ಕೊರೆದದ್ದು ಸರಿ ಇದೆ ಎಂದ ಮೇಲೆ ತಪ್ಪಿದ್ದದ್ದು ನಕ್ಷೆಯಲ್ಲೇ.

"ಚನ್ನ ಅಳೆದಿದ್ದಾನೆ ಅಂದ ಮೇಲೆ ಅಳತೆ ತಪ್ಪಿರಲ್ಲ," ಎಂದ ಎಲ್ರಾಯ್. "ನಾನೇ ಮೂರ್ಖ. ಹನ್ನೊಂದು ವರ್ಷ ಗೀಚಿದ್ದೆಲ್ಲ ಕಸ. ಶುಕ್ರವಾರ ಡಾಲಸ್‌ಗೆ ಫೋನ್ ಮಾಡಿ ಕೈಬಿಡಿ ಅಂತ ಹೇಳಿಬಿಡ್ತೀನಿ." ಆ ವಾರವೆಲ್ಲ ಮುದುಕ ಯಾರನ್ನೂ ಬೈಯಲಿಲ್ಲ. ಅದನ್ನು ನೋಡುವುದೇ ಚನ್ನಮಲ್ಲಪ್ಪನಿಗೆ ಕಷ್ಟವಾಯಿತು.

ಗುರುವಾರ ಮಧ್ಯಾಹ್ನ, ಇನ್ನು ಬೇಡವಾದ ಗೇಜನ್ನು ಡಬ್ಬಿಗೆ ಹಾಕುವ ಮುನ್ನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಬುಡದಲ್ಲಿ ಎಣ್ಣೆ ಹೀರಿ ಕಂದಿದ ತೆಳು ಪೊರೆ. ಉಕ್ಕಿನದೇ ಮಾಸಲು ಎನ್ನಬೇಕು, ಹಾಗಿತ್ತು. ಉಗುರಿನಿಂದ ಕೆರೆದ. ಪುಡಿ ಉದುರಿತು. ಮೂಸಿದ. ಮಹಾನವಮಿಯ ಗಂಧ.

ಮೊದಲು ಪೊರೆಯಿದ್ದಂತೆಯೇ ಅಳೆದ. ಆಮೇಲೆ ತೊಳೆದು ಅಳೆದ. ಇಂಚಿನ ಸಾವಿರ ಪಾಲಿನಲ್ಲಿ ಆರು ಪಾಲು ವ್ಯತ್ಯಾಸ, ಎರಡು ಕೂದಲೆಳೆಯಷ್ಟು. ಅಷ್ಟೂ ಹೆಚ್ಚು ಆಳಕ್ಕೆ ನಳಿಕೆಯನ್ನು ಕೊರೆದಿದ್ದ. ಗುಂಡು ಹಾರಿದಾಗಲೆಲ್ಲ ಹಿತ್ತಾಳೆ ಆ ಸಂದನ್ನು ತುಂಬಲು ಹೋಗಿ ಎಳೆದು ಹರಿದಿತ್ತು. ನಕ್ಷೆ ಸರಿಯಾಗಿಯೇ ಇತ್ತು. ತಪ್ಪು ಎಲ್ರಾಯ್‌ನದಲ್ಲ, ಅವನು ಕಣ್ಣುಮುಚ್ಚಿ ನಂಬಿದ ಚನ್ನಮಲ್ಲಪ್ಪನದು. ಯಾರಿಗೂ ತೋರಿಸದೆ ಗೇಜನ್ನು ಜೇಬಿಗಿಳಿಸಿಕೊಂಡು ಅವನು ಸಂಜೆ ಮನೆಗೆ ಹೊರಟ.

ಮನೆಯಲ್ಲಿ ರೊಟ್ಟಿ ಮುರಿಯುತ್ತ ಸುಮಿತ್ರವ್ವನಿಗೆ ಎಲ್ಲ ಹೇಳಿದ. "ಹೇಳಿದ್ರ ಕೆಲಸ ಹೋಗ್ತದ. ಮ್ಯಾಲ ನಮ್ಮ ಪೂಜಿ ನೋಡಿ ನಗತಾರ. ದೇವರ ಗಂಧನ ಹಿಂಗ್ ಮಾಡಿದ್ರ ಏನ ಮಾಡೂದು?"

"ದೇವರ ಮ್ಯಾಲ ಯಾಕ ಹಾಕ್ತೀರಿ?" ಎಂದಳು ಸುಮಿತ್ರವ್ವ. "ಗಂಧ ಹಚ್ಚಿದ್ದು ತಪ್ಪಲ್ಲ, ಒರಸದ ಬಿಟ್ಟಿದ್ದು ತಪ್ಪು. ಆ ಹಿರಿ ಮನಷ್ಯಾ ತಾನ ದಡ್ಡ ಅನಕೊಂಡ ಕುಂತಾನ. ನೀವು ಹೆಂಗ ಅನ್ನ ಉಣ್ಣತೀರಿ?"

ಅವನು ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಶುಕ್ರವಾರ ಏಳಕ್ಕೆ ಹದಿನೈದು ನಿಮಿಷ ಮೊದಲೇ ಹೋಗಿ ಗೇಜನ್ನು ಎಲ್ರಾಯ್‌ನ ಮೇಜಿನ ಮೇಲಿಟ್ಟ. ಪೂಜೆ, ಗಂಧ, ಎಣ್ಣೆಬಟ್ಟೆ, ಆರು ಪಾಲು, ಯಾವುದನ್ನೂ ಮುಚ್ಚಿಡದೆ ಹೇಳಿದ. ಕೊನೆಗೆ, "ಬೇರೆಯವರನ್ನು ಹುಡುಕಿಕೊಳ್ಳುವವರೆಗೆ ಬಂದು ಕೆಲಸ ಮಾಡ್ತೀನಿ," ಎಂದ.

ಎಲ್ರಾಯ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಹಾಗಾದರೆ ನಕ್ಷೆ ಸರಿ ಇದೆಯಾ?"

"ಸರಿ ಇದೆ."

"ಕವಚದ ಭುಜದ ಕೋನ?"

"ಅದೂ ಸರಿ ಇದೆ, ಮಿಸ್ಟರ್ ವೋಗಲ್. ಎಲ್ಲ ಸರಿ ಇದೆ."

ಮುದುಕ ಟೋಪಿಯನ್ನು ಮತ್ತೆ ತಲೆಗೇರಿಸಿದ. ಆಮೇಲೆ ಒಂದು ವಾರ ತಡೆದಿಟ್ಟುಕೊಂಡಿದ್ದ ಬೈಗುಳವೆಲ್ಲ ಒಟ್ಟಿಗೆ ಹೊರಬಂತು. ನಲವತ್ತು ವರ್ಷದ ಅನುಭವಸ್ಥನಿಗೆ ಗೇಜು ಒರೆಸಲು ಬರುವುದಿಲ್ಲವೇ, ಬೆರಳು ತೂತಾಗಿದೆಯೇ, ಕಣ್ಣಿಗೇನು ಮಣ್ಣು ಬಿದ್ದಿತ್ತೇ! ಮೈತುಂಬ ಬೈಸಿಕೊಳ್ಳುತ್ತ ನಿಂತ ಚನ್ನಮಲ್ಲಪ್ಪನಿಗೆ ಜೀವ ಹಗುರಾಯಿತು. ಪೂಜೆಯ ಬಗ್ಗೆ ಮುದುಕ ಒಂದೇ ಒಂದು ಕೆಟ್ಟ ಮಾತಾಡಲಿಲ್ಲ. ಉಸಿರು ತಿರುಗಿದ ಮೇಲೆ, "ನಿಂತು ಏನು ನೋಡ್ತಿದ್ದೀಯಾ? ಲೇತ್ ಚಾಲೂ ಮಾಡು," ಎಂದ.

ನಳಿಕೆಯ ಹಿಂಬದಿಯನ್ನು ತಿರುಪಿನ ಒಂದು ಸುತ್ತಿನಷ್ಟು ಕತ್ತರಿಸಿ, ಮತ್ತೆ ಮನೆ ಕೊರೆದರು. ಈ ಸಲ ಚನ್ನಮಲ್ಲಪ್ಪ ಪ್ರತಿ ಅಳತೆಗೂ ಗೇಜನ್ನು ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು, ಎಲ್ರಾಯ್‌ಗೂ ತೋರಿಸಿದ. ಮುಂದಿನ ಬುಧವಾರ ಊರಾಚೆಯ ಗುಂಡಿನ ಮೈದಾನದಲ್ಲಿ ಎಲ್ರಾಯ್ ರೈಫಲ್ಲನ್ನು ನೋವಿನ ಭುಜಕ್ಕೇ ಆನಿಸಿಕೊಂಡ. ಒಂದೇ ಕವಚವನ್ನು ತುಂಬಿ ತುಂಬಿ ಐದು ಸಲ ಹಾರಿಸಿದ. ಪ್ರತಿ ಸಲವೂ ಕವಚವನ್ನು ಚನ್ನಮಲ್ಲಪ್ಪನ ಕೈಗೆ ಕೊಟ್ಟು ಅವನ ಮುಖವನ್ನೇ ನೋಡುತ್ತಿದ್ದ. ಬುಡದ ಸುತ್ತ ಗೆರೆಯಿಲ್ಲ, ಬಿರುಕಿಲ್ಲ. ಮುನ್ನೂರು ಗಜದಾಚೆಯ ಕಾಗದದಲ್ಲಿ ಐದು ತೂತುಗಳೂ ಒಂದು ಅಂಗೈಯೊಳಗಿದ್ದವು.

ಅಲ್ಲಿಂದಲೇ ಎಲ್ರಾಯ್ ಡಾಲಸ್‌ಗೆ ಫೋನ್ ಹಚ್ಚಿದ. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿಯೇ ಮಾತಾಡುತ್ತಾನೆ. ಕಾರ್ಖಾನೆಯವನು ಸಂತೋಷಪಟ್ಟು, ಮತ್ತೆ ಅನುಮಾನದಿಂದ ಕೇಳಿದ: "ಹಾಗಾದರೆ ಹೋದ ತಿಂಗಳು ಬಿರುಕು ಬಿಟ್ಟದ್ದು ಯಾಕೆ?"

ಚನ್ನಮಲ್ಲಪ್ಪ ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದ. ಎಲ್ರಾಯ್ ಅವನತ್ತ ಅಂಗೈ ಎತ್ತಿ ತಡೆದ.

"ಗೇಜು ಕೊಳೆಯಾಗಿತ್ತು. ನಾನು ನೋಡಿಕೊಳ್ಳಲಿಲ್ಲ," ಎಂದ. "ಕಂಡುಹಿಡಿದು ಸರಿ ಮಾಡಿದವನು ನನ್ನ ಚನ್ನ."

ಹ್ಯೂಸ್ಟನ್ನಿನ ಆ ಇಪ್ಪತ್ತೆರಡು ವರ್ಷಗಳಲ್ಲಿ ಬೇರೆಯವರ ತಪ್ಪುಗಳು ತನ್ನ ತಲೆಗೆ ಬಂದದ್ದನ್ನು ಚನ್ನಮಲ್ಲಪ್ಪ ಎಷ್ಟೋ ಸಲ ಕಂಡಿದ್ದ. ತನ್ನ ತಪ್ಪನ್ನು ಇನ್ನೊಬ್ಬರು ತಮ್ಮ ತಲೆಯ ಮೇಲೆ ಎಳೆದುಕೊಂಡದ್ದನ್ನು ಕಂಡಿರಲಿಲ್ಲ. ಅವನು ಕಾರಿನ ಮರೆಗೆ ಹೋಗಿ ಕಣ್ಣೊರೆಸಿಕೊಂಡ. ಆಮೇಲೆ ಮನೆಗೆ ಫೋನ್ ಮಾಡಿದ.

"ಏನಂದ್ರು?" ಎಂದಳು ಸುಮಿತ್ರವ್ವ.

"ಡಾಲಸ್‌ದವರಿಗೆ ತಂದೇ ತಪ್ಪು ಅಂತ ಹೇಳಿದ್ನಲ್ಲ ಮಾರಾಯ್ತಿ. ನನ್ನ ಎದರಿಗೇ."

ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು ಕೇಳಿತು.

"ಐತವಾರ ಊಟಕ್ಕ ಕರಕೊಂಡ ಬರ್ರಿ ಅವರನ್ನ," ಎಂದಳು. "ಖಾರ ಕಡಿಮಿ ಮಾಡ್ತೀನಿ."