ಆರ್ಡಿಸ್ ಓದಿದ ಮೂರು ನೋಟೀಸು

ಕೋಳಿಮರಿ ಮಾರುವುದಕ್ಕೆಂದು ಹುಟ್ಟಿದ ರೇಡಿಯೋ ಸ್ಟೇಷನ್ ನಮ್ಮೂರಿನದು. ನಗಬೇಡಿ. ಹಾಲ್‌ಸ್ಟೆನ್‌ನಲ್ಲಿ ಟೋರ್ವಾಲ್ಡ್ ನೈಗ್ರೆನ್ ಅನ್ನುವವನು ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಹಿಮ ಕರಗಿ ನೆಲ ಕಂಡಿತೋ ಇಲ್ಲವೋ, ಸಾವಿರಾರು ಮರಿಗಳು ಚಿಂವ್‌ಗುಟ್ಟುತ್ತ ಪೆಟ್ಟಿಗೆ ತುಂಬಿಕೊಳ್ಳುತ್ತಿದ್ದವು. ಎರಡು ದಿನದಲ್ಲಿ ಗಿರಾಕಿ ಬಾರದಿದ್ದರೆ ಅವುಗಳ ಕತೆ ಮುಗಿಯಿತು. ಊರಿಗಿದ್ದದ್ದು ಒಂದೇ ಪತ್ರಿಕೆ, ಅದೂ ವಾರಕ್ಕೊಮ್ಮೆ, ಬುಧವಾರ. ಕೋಳಿಮರಿ ಬುಧವಾರದ ತನಕ ಕಾಯುತ್ತದೆಯೇ? ನೈಗ್ರೆನ್ ತಲೆ ಓಡಿಸಿ, ಸಕ್ಕರೆ ಬೀಟಿನ ಹೊಲದ ನಡುವೆ ಒಂದು ಕಂಬ ನಿಲ್ಲಿಸಿದ. ಅದರ ಬುಡಕ್ಕೆ ಎರಡು ಕೋಣೆಯ ಕಟ್ಟಡ ಕಟ್ಟಿ, ವಾಷಿಂಗ್ಟನ್ನಿನಿಂದ ಎ.ಎಂ. ರೇಡಿಯೋ ನಡೆಸುವ ಪರವಾನಗಿ ತರಿಸಿದ. ಉತ್ತರ ಡಕೋಟದ ಬಯಲಲ್ಲಿ ಆ ಕಂಬ ಮೂರು ಊರಾಚೆಗೂ ಕಾಣುತ್ತಿತ್ತು.

ಆರ್ಡಿಸ್ ಫೋಸಮ್ ಅಲ್ಲಿಗೆ ಸೇರಿದ್ದು ಫೋನ್ ಎತ್ತಿಕೊಳ್ಳುವುದಕ್ಕೆ. ಆಗ ಅವಳಿಗೆ ಹತ್ತೊಂಬತ್ತು. ಒಂದು ಮಧ್ಯಾಹ್ನ ಸುದ್ದಿ ಓದುವವನ ಕಾರು ಹಿಮದಲ್ಲಿ ಹೂತುಹೋಯಿತು. ನೈಗ್ರೆನ್ ಒಂದು ಹಾಳೆಯನ್ನು ಅವಳ ಕೈಗೆ ತುರುಕಿ, "ಓದು" ಅಂದ.

"ನಂಗೆ ಬರಲ್ಲ ಮಿಸ್ಟರ್ ನೈಗ್ರೆನ್."

"ಇಸ್ಕೂಲಿಗೆ ಹೋಗಿದ್ದೀಯೋ ಇಲ್ವೋ? ಅಕ್ಷರ ಕಂಡ ಹಾಗೆ ಓದು. ನಿನ್ನ ಕಡೆಯಿಂದ ಏನೂ ಸೇರಿಸಬೇಡ. ಅಷ್ಟೇ ಕೆಲಸ."

ಅದು ಸಾವಿನ ಸುದ್ದಿ. ಸತ್ತವರ ಹೆಸರು, ವಯಸ್ಸು, ಉಳಿದ ಮಕ್ಕಳುಮರಿ, ಯಾವ ಚರ್ಚು, ಎಷ್ಟು ಗಂಟೆಗೆ, ಆಮೇಲೆ ಊಟವುಂಟೋ ಇಲ್ಲವೋ. ಆರ್ಡಿಸ್ ಅಕ್ಷರ ಕಂಡ ಹಾಗೆ ಓದಿದಳು. ಅವತ್ತಿನಿಂದ ಮೂವತ್ತೆಂಟು ವರ್ಷ, ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಗೋಧಿಯ ಧಾರಣೆ, ಕಳೆದುಹೋದ ನಾಯಿ, ಆಮೇಲೆ ಸಾವು, ಎಲ್ಲವೂ ಅವಳ ಬಾಯಿಂದಲೇ. ಸಾವಿನ ಸರದಿ ಬಂದಾಗ ಊರಿಗೆ ಊರೇ ಚಮಚ ಕೆಳಗಿಟ್ಟು ಕೂರುತ್ತಿತ್ತು. ಅವಳು ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ, "ಮಧ್ಯಾಹ್ನ ಪುರುಸೊತ್ತಿರಲಿಲ್ಲ" ಅನ್ನುತ್ತಿದ್ದಳು.

ಈಗ ನೋಟೀಸಿನ ವಿಷಯ. ಸ್ಟೇಷನ್ ಕೈ ಬದಲಾಯಿಸುವುದಿದ್ದರೆ ಆ ಸುದ್ದಿಯನ್ನು ಅದೇ ಸ್ಟೇಷನ್ನೇ ಓದಿ ಹೇಳಬೇಕು, ಅದು ಕಟ್ಟಳೆ. ಇಂಥವರಿಂದ ಇಂಥವರಿಗೆ ಪರವಾನಗಿ ವರ್ಗಾಯಿಸಲು ಅರ್ಜಿ ಹೋಗಿದೆ, ಪ್ರತಿಯನ್ನು ಸ್ಟೇಷನ್ನಿಗೆ ಬಂದು ನೋಡಬಹುದು, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ವಾಷಿಂಗ್ಟನ್ನಿಗೆ ಬರೆದು ತಿಳಿಸಬಹುದು. ಮಾರುವವನು ತನ್ನ ಮಾರಾಟವನ್ನು ತಾನೇ ಸಾರುವುದು, ಸಂಬಳದವರ ಬಾಯಲ್ಲಿ ಸಾರಿಸುವುದು. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ!

ಮೊದಲ ನೋಟೀಸು ಓದಿದ್ದು ನೈಗ್ರೆನ್ ಸ್ಟೇಷನ್ನನ್ನು ಅಳಿಯನ ಹೆಸರಿಗೆ ಬರೆದುಕೊಟ್ಟಾಗ. ಅಳಿಯ ವೆಂಡೆಲ್ ಹಲ್ಲಿನ ಡಾಕ್ಟರು. ಯಾರೂ ತಕರಾರು ಎತ್ತಲಿಲ್ಲ, ಎತ್ತುವುದಕ್ಕೇನಿದೆ? ಕೋಳಿಮರಿಯ ಜಾಹೀರಾತು ನಿಂತು ಹಲ್ಲುಪುಡಿಯದು ಬಂತು. ಆರ್ಡಿಸ್ ಎಂದಿನಂತೆ ಹನ್ನೆರಡು ಹತ್ತಕ್ಕೆ ರೇಡಿಯೋದಲ್ಲಿ ಬಂದಳು. ಹದಿನೈದು ವರ್ಷದ ಮೇಲೆ ಡಾಕ್ಟರು ಬೆನ್ನುನೋವೆಂದು ಮಿನ್ಯಾಪೊಲಿಸ್‌ನ ಒಬ್ಬನಿಗೆ ಮಾರಿದ. ಅವನಿಗೆ ಇಂಥ ಹನ್ನೊಂದು ಸ್ಟೇಷನ್ ಇದ್ದವಂತೆ, ನಮ್ಮೂರಿಗೆ ಒಂದು ದಿನವೂ ಕಾಲಿಡಲಿಲ್ಲ. ಆಗಲೂ ಆರ್ಡಿಸ್ ನೋಟೀಸು ಓದಿದಳು, ಮೂವತ್ತು ದಿನ ಕಳೆಯಿತು, ಹನ್ನೆರಡು ಹತ್ತಕ್ಕೆ ಅವಳದೇ ದನಿ. ಹೀಗೆ ನಮ್ಮೂರವರ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತು: ನೋಟೀಸು ಓದುತ್ತಾರೆ, ಏನೂ ಆಗುವುದಿಲ್ಲ. ಸಾವಿನ ಸುದ್ದಿಗೆ ಎದೆ ಹಿಡಿದುಕೊಂಡು ಕೂರುವ ಜನ, ಸ್ಟೇಷನ್ನಿನ ಸಾವಿನ ಸುದ್ದಿ ಬಂದಾಗ ಉಪ್ಪು ಎಲ್ಲಿ ಅಂತ ಕೇಳುತ್ತಿದ್ದರು.

ಮೂರನೆಯ ನೋಟೀಸು ಬಂದದ್ದು ಮೇ ತಿಂಗಳಲ್ಲಿ. ಕೊಳ್ಳುವವರು ಟೆಕ್ಸಾಸಿನ ಒಂದು ಕಂಪನಿ. ಆರ್ಡಿಸ್ ಈ ಸಲ ಅರ್ಜಿಯ ಪ್ರತಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಹದಿನೇಳನೆಯ ಪುಟದಲ್ಲಿತ್ತು: ಕಾರ್ಯಕ್ರಮವೆಲ್ಲ ಉಪಗ್ರಹದ ಮೂಲಕ ಟೆಕ್ಸಾಸಿನಿಂದಲೇ ಬರುತ್ತದೆ, ಇಲ್ಲಿ ಆಳು ಬೇಕಾಗಿಲ್ಲ. ಹಾಳೆ ಹಿಡಿದುಕೊಂಡು ಮ್ಯಾನೇಜರ್ ಲೈಲ್ ಬ್ರೆಕಿಯ ಕೋಣೆಗೆ ಹೋದಳು.

"ಲೈಲ್, ಇದನ್ನ ನೋಡಿದ್ಯಾ?"

"ನೋಡಿದೀನಿ."

"ಸಾವಿನ ಸುದ್ದಿ ಟೆಕ್ಸಾಸಲ್ಲಿ ಯಾರು ಓದ್ತಾರೆ? ನಮ್ಮೋರ ಹೆಸರು ಅವರ ನಾಲಿಗೆಗೆ ಹೊರಳುತ್ತಾ?"

ಲೈಲ್ ಕಿಟಕಿ ಕಡೆ ನೋಡಿದ. ಒಳ್ಳೆಯವನೇ, ಆದರೆ ಬೆನ್ನುಮೂಳೆ ಮೆತ್ತಗೆ. "ನೋಡು, ಮಧ್ಯಾಹ್ನದ ಅರ್ಧ ಗಂಟೆ ಉಳಿಸಿಕೊಳ್ಳೋಣ ಅಂತ ಅವರು ಯೋಚನೆ ಮಾಡ್ತಾ ಇದಾರಂತೆ. ನಿನ್ನನ್ನೇ ಇಟ್ಟುಕೊಂಡು. ಆದ್ರೆ ಇಲ್ಲಿ ಕೆಲಸ ಮಾಡೋರಿಂದಲೇ ತಕರಾರು ಹೋಯ್ತು ಅಂದ್ರೆ ಆ ಮಾತು ಅಲ್ಲಿಗೇ ಬಿತ್ತು. ನೋಟೀಸು ಇದ್ದ ಹಾಗೆ ಓದು. ಒಂದು ಅಲ್ಪವಿರಾಮನೂ ಸೇರಿಸಬೇಡ."

"ಯೋಚನೆ ಮಾಡ್ತಾ ಇದಾರೆ ಅಂತ ಕಾಗದದಲ್ಲಿ ಇದೆಯಾ?"

"ಎಲ್ಲಾನೂ ಕಾಗದದಲ್ಲಿ ಇರುತ್ತಾ ಆರ್ಡಿಸ್?"

ಅವಳು ತಾನು ಬರೆಯಬಾರದು, ಊರು ಬರೆಯಲಿ ಅಂದುಕೊಂಡಳು. ಮೂರು ಸಾವಿರ ಜನರಲ್ಲಿ ಒಬ್ಬರಾದರೂ ಬರೆಯುವುದಿಲ್ಲವೇ? ಒಂದು ಕಾಗದ ಹೋದರೆ ವಾಷಿಂಗ್ಟನ್ನಿನವರು ಅರ್ಜಿಯನ್ನು ಇನ್ನೊಮ್ಮೆ ತಿರುವಿ ನೋಡಲೇಬೇಕು. ಆಮೇಲೆ ಏನಾಗುತ್ತದೋ ದೇವರೇ ಬಲ್ಲ, ನೋಡುವುದಂತೂ ನೋಡಬೇಕು. ನೋಟೀಸನ್ನು ಬೆಳಗಿನ ಜಾವದಲ್ಲಿ ಓದಿ ಮುಗಿಸಿಬಿಡಬಹುದಿತ್ತು. ಆರ್ಡಿಸ್ ಅದನ್ನು ಹನ್ನೆರಡು ಹತ್ತಕ್ಕೆ ತಂದು, ಸಾವಿನ ಸುದ್ದಿಗೆ ಅಂಟಿಸಿಟ್ಟಳು.

ಒಂದು ವಾರ ಓದಿದಳು. ಒಂದು ಫೋನೂ ಬರಲಿಲ್ಲ. ಎರಡನೆಯ ವಾರ ಪದಗಳನ್ನು ಮುಟ್ಟದೆ, ಓದುವ ರೀತಿ ಬದಲಾಯಿಸಿದಳು. "ಆಕ್ಷೇಪಣೆ ಇದ್ದವರು" ಅನ್ನುವಲ್ಲಿ ನಿಂತು, ಉಸಿರೆಳೆದುಕೊಂಡು, "ಮೂವತ್ತು... ದಿನದೊಳಗೆ" ಅಂತ ಒಂದೊಂದೇ ಮಾತನ್ನು ಒತ್ತಿ ಹೇಳಿದಳು. ಆವತ್ತು ಫೋನು ಹೊಡೆದುಕೊಂಡಿತು ನೋಡಿ! ಒಂದಲ್ಲ, ಏಳು ಫೋನು.

"ಆರ್ಡಿಸ್, ಗಂಟಲು ಕೆಟ್ಟಿದೆಯೇನೇ? ಉಸಿರು ಕಟ್ಟಿದ ಹಾಗೆ ಕೇಳಿಸ್ತು."

"ಬಿಸಿನೀರಿಗೆ ಜೇನು ಹಾಕ್ಕೊಂಡು ಕುಡಿ, ವಯಸ್ಸಾಯ್ತು ನಿಂಗೆ."

ಮಾರನೆಯ ದಿನ ಕೌಂಟರಿನ ಮೇಲೆ ನಾಲ್ಕು ಬಾಟಲಿ ಜೇನು ಬಂದು ಕೂತಿತ್ತು. ಅವಳಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಮೂರನೆಯ ವಾರ ಇನ್ನೊಂದು ಉಪಾಯ ಹೂಡಿದಳು. ಮನೆಯಲ್ಲಿ ರೂಬಾರ್ಬ್ ಅನ್ನುವ ಹುಳಿ ದಂಟಿನ ಕೇಕು ಬೇಯಿಸಿ, ತುಂಡು ಮಾಡಿ, ಕಾಫಿಯ ಜೊತೆ ಸ್ಟೇಷನ್ನಿನ ಮುಂಗೋಣೆಯಲ್ಲಿಟ್ಟಳು. ತಟ್ಟೆಯ ಪಕ್ಕದಲ್ಲೇ ಅರ್ಜಿಯ ಪ್ರತಿ, ಹದಿನೇಳನೆಯ ಪುಟ ತೆರೆದು. ಬಂದ ಜನಕ್ಕೇನು ಕಡಿಮೆಯಿರಲಿಲ್ಲ. ಲೂಥರನ್ ಚರ್ಚಿನ ಅಡುಗೆಮನೆಯನ್ನು ಆಳುವ ಮಿರ್ನಾ ಲೋಕನ್ ಕೂಡ ಬಂದಳು, ಗಂಡ ಓರ್ಲಿನ್‌ನನ್ನು ಕರೆದುಕೊಂಡು. ಮಿರ್ನಾಳೂ ಆರ್ಡಿಸ್‌ಳೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಓರ್ಲಿನ್ ಮೂವತ್ತು ವರ್ಷ ಊರಿನ ಶಾಲೆಯ ಬಸ್ಸು ಓಡಿಸಿದವನು, ಅವನ ಬಸ್ಸಿನಲ್ಲಿ ಕೂರದವರು ಊರಲ್ಲಿಲ್ಲ.

"ಮಿರ್ನಾ, ಆ ಪುಟ ಸ್ವಲ್ಪ ಓದೇ," ಅಂದಳು ಆರ್ಡಿಸ್.

"ಕನ್ನಡಕ ತಂದಿಲ್ಲ. ಏನಂತೆ?"

"ನಾನು ಹೇಳೋ ಹಾಗಿಲ್ಲ. ನೀನೇ ಓದಬೇಕು."

"ಅಯ್ಯ, ಅದೇ ನೋಟೀಸು ತಾನೇ? ಡಾಕ್ಟರ್ ಕಾಲದಲ್ಲೂ ಓದಿದ್ದೆ ನೀನು. ಯಾರಾದ್ರೂ ಬರೀತಾರೆ ಬಿಡು, ಊರಲ್ಲಿ ಓದು ಬರೋರು ಎಷ್ಟಿಲ್ಲ!"

ಓರ್ಲಿನ್ ಕೇಕಿನ ಎರಡನೆಯ ತುಂಡಿಗೆ ಕೈ ಹಾಕಿದ. "ಆರ್ಡಿಸ್, ನಾನು ಸತ್ತಾಗ ಚೆನ್ನಾಗಿ ಓದಬೇಕು ನೀನು. 'ಬಸ್ಸು ಒಂದು ದಿನವೂ ತಡವಾಗಿರಲಿಲ್ಲ' ಅಂತ ಸೇರಿಸು."

"ನನ್ನ ಕಡೆಯಿಂದ ಏನೂ ಸೇರಿಸಲ್ಲ."

"ಜಿಪುಣಿ!" ಅಂತ ಅವನು ನಕ್ಕು, ಕಾಫಿ ಲೋಟವನ್ನು ಹದಿನೇಳನೆಯ ಪುಟದ ಮೇಲಿಟ್ಟ. ಅವರು ಹೋದ ಮೇಲೆ ನೋಡಿದರೆ "ಆಳು ಬೇಕಾಗಿಲ್ಲ" ಅನ್ನುವ ಸಾಲಿನ ಸುತ್ತ ಕಂದು ಬಣ್ಣದ ಉಂಗುರ ಮೂಡಿತ್ತು.

ನಮ್ಮ ಜನ ಕೆಟ್ಟವರಲ್ಲ. ತಕರಾರು ಅಂದರೆ ಅವರಿಗೆ ನಾಚಿಕೆ, ಅಷ್ಟೇ. ಹೋಟೆಲಿನಲ್ಲಿ ಸೂಪು ತಣ್ಣಗಿದ್ದರೂ "ಪರವಾಗಿಲ್ಲ, ಚೆನ್ನಾಗಿದೆ" ಅಂದು ಕುಡಿದು ಬರುವವರು. ಆರ್ಡಿಸ್ ಆ ಜನದ ಮಗಳೇ. ಇಪ್ಪತ್ತೆಂಟನೆಯ ದಿನ ಸಂಜೆ ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಪೆನ್ನು ಹಿಡಿದಳು. ಒಂದೂವರೆ ಪುಟ ಬರೆದಳು, ಸಹಿ ಹಾಕಿದಳು, ವಿಳಾಸ ಬರೆದಳು, ಅಂಚೆಚೀಟಿ ಅಂಟಿಸಿದಳು. ಮರುದಿನ ಅಂಚೆ ಪೆಟ್ಟಿಗೆಯ ಮುಂದೆ ನಿಂತಾಗ ಲೈಲ್ ಅಂದದ್ದು ನೆನಪಾಯಿತು. ಮಧ್ಯಾಹ್ನದ ಅರ್ಧ ಗಂಟೆ. ನಿನ್ನನ್ನೇ ಇಟ್ಟುಕೊಂಡು. ಈ ಕಾಗದ ಹೋಗಿ, ಅದರಿಂದಲೇ ಆ ಅರ್ಧ ಗಂಟೆಯೂ ಹೋದರೆ? ಊರವರು ಯಾರಾದರೂ ಬರೆದೇ ಇರುತ್ತಾರೆ. ಕಾಗದವನ್ನು ಕೈಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಕಾಲು ನಡೆದ ಹಾಗೆ ನಡೆದಳು, ಅದಕ್ಕಿಂತ ಹೆಚ್ಚು ಅವಳಿಗೇ ಗೊತ್ತಿಲ್ಲ.

ಮೂವತ್ತು ದಿನ ಮುಗಿಯಿತು. ಎಷ್ಟು ಕಾಗದ ಬಂದಿತ್ತೆಂದು ಲೈಲ್ ವಾಷಿಂಗ್ಟನ್ನಿಗೆ ಫೋನ್ ಮಾಡಿ ಕೇಳಿ ಬಂದ. "ಒಂದೂ ಇಲ್ಲ," ಅಂದ. ಅವನ ದನಿಯಲ್ಲಿ ಸಂತೋಷವೇನೂ ಇರಲಿಲ್ಲ.

ಆಗಸ್ಟಿನಲ್ಲಿ ಟೆಕ್ಸಾಸಿನಿಂದ ಇಬ್ಬರು ಬಂದು ಕಟ್ಟಡದ ಹಿಂದೆ ದೊಡ್ಡ ಬಾಣಲೆಯಂಥ ಡಿಶ್ ಕೂರಿಸಿ, ಒಳಗೊಂದು ಕಂಪ್ಯೂಟರ್ ಇಟ್ಟರು. ಮಧ್ಯಾಹ್ನದ ಅರ್ಧ ಗಂಟೆಯ ಬಗ್ಗೆ ಆರ್ಡಿಸ್ ಕೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಆ ಮಾತನ್ನು ಅವರು ಕೇಳಿಯೇ ಇರಲಿಲ್ಲ. ಲೈಲ್ ಅವತ್ತು ರಜೆ ಹಾಕಿದ್ದ. ಬಂದವರೇ ಅವಳಿಗೊಂದು ಕೇಕು ತರಿಸಿಕೊಟ್ಟು, ಕೈಕುಲುಕಿ, ಬಾಗಿಲಿಗೆ ಹೊಸ ಬೀಗ ಹಾಕಿದರು. ಮರುದಿನ ಹನ್ನೆರಡು ಹತ್ತಕ್ಕೆ ಯಾರೋ ಒಬ್ಬ ಹೂಸ್ಟನ್ ಹೆದ್ದಾರಿಯಲ್ಲಿ ವಾಹನ ದಟ್ಟಣೆಯೆಂದು ಹೇಳಿದ.

ಆಗ ಎದ್ದರು ನಮ್ಮೂರವರು! ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಆರ್ಡಿಸ್‌ಳನ್ನು ಹಿಡಿದು ನಿಲ್ಲಿಸಿದರು. "ಹೀಗಾಗತ್ತೆ ಅಂತ ನೀನು ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ನಲ್ಲ. ಮೂವತ್ತು ದಿನ ಹೇಳಿದೆ."

"ಅದು ನೋಟೀಸು! ನೀನು ಬಾಯಿ ಬಿಟ್ಟು ಹೇಳಬೇಕಿತ್ತು."

ಅವಳು ತರಕಾರಿ ಚೀಲ ಎತ್ತಿಕೊಂಡು ಮನೆಗೆ ಹೋಗುತ್ತಿದ್ದಳು. ಹನ್ನೆರಡು ಹತ್ತರ ಹೊತ್ತಿಗೆ ಏನು ಮಾಡಬೇಕೆಂದು ತಿಳಿಯದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ನವೆಂಬರಿನಲ್ಲಿ ಓರ್ಲಿನ್ ಲೋಕನ್ ತೀರಿಕೊಂಡ. ಗುರುವಾರ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ ಕೂತವನು ಏಳಲಿಲ್ಲ. ಮಿರ್ನಾ ಗಾಬರಿಯಲ್ಲಿ ಆರ್ಡಿಸ್‌ಗೆ ಫೋನ್ ಮಾಡಿ, ಒಂದೇ ಉಸಿರಿಗೆ ಹೇಳಿದಳು: "ಬರ್ಕೋ. ಓರ್ಲಿನ್ ಲೋಕನ್, ಎಪ್ಪತ್ತೊಂದು. ಸೋಮವಾರ, ಹನ್ನೊಂದು ಗಂಟೆ, ನಮ್ಮ ಚರ್ಚು. ಆಮೇಲೆ ಊಟ ಇದೆ." ಆರ್ಡಿಸ್ ಅಭ್ಯಾಸದಂತೆ ಬರೆದುಕೊಂಡಳು. ಬರೆದು ಮುಗಿಸಿದ ಮೇಲೆ ಇಬ್ಬರಿಗೂ ನೆನಪಾಯಿತು, ಅದನ್ನು ಓದುವುದಕ್ಕೆ ಈಗ ಸ್ಟೇಷನ್ ಇಲ್ಲ.

ಪತ್ರಿಕೆ ಬರುವುದು ಬುಧವಾರ. ಆರ್ಡಿಸ್ ಆ ಹಾಳೆ ಹಿಡಿದು ಫೋನಿನ ಮುಂದೆ ಕೂತಳು. ಶುಕ್ರವಾರ, ಶನಿವಾರ, ಭಾನುವಾರ, ಸಿಕ್ಕಿದವರಿಗೆಲ್ಲ ಓದಿ ಹೇಳಿದಳು. ಅರ್ಧ ಜನ ಹೊಲದ ಕೆಲಸದಲ್ಲಿ, ಅರ್ಧ ಮನೆಗಳಲ್ಲಿ ಎತ್ತುವವರಿಲ್ಲ, ಶನಿವಾರ ಸುರಿದ ಹಿಮಕ್ಕೆ ಕೆಲವು ಊರಿನ ತಂತಿಯೇ ಹರಿದುಬಿತ್ತು. ಮೂರು ದಿನದಲ್ಲಿ ಅರವತ್ತು ಮನೆ ದಾಟಲಿಲ್ಲ. ಹಿಂದೆ ಒಂದೂವರೆ ನಿಮಿಷ ಸಾಕಾಗುತ್ತಿತ್ತು.

ಮಿರ್ನಾ ಗಂಡನ ಮೇಲಿನ ಅಭಿಮಾನದಿಂದ ಮುನ್ನೂರು ಬನ್ನಿಗೆ ಹಂದಿಮಾಂಸದ ಹೋಳು ಇಟ್ಟು ಜೋಡಿಸಿದ್ದಳು. ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಅಷ್ಟು ಜನ ಬಾರದೆ ಇರುತ್ತಾರೆಯೇ? ಬಂದವರು ನಲವತ್ತೇಳು. ಪಾದ್ರಿ ಹತ್ತು ನಿಮಿಷ ಕಾದ. ಯಾರಾದರೂ ಬಂದಾರು ಅಂತ ಬಾಗಿಲ ಕಡೆ ನೋಡಿ ನೋಡಿ, ಕೊನೆಗೆ ಶುರು ಮಾಡಿದ.

ಎಲ್ಲ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಮಿರ್ನಾ, ಆರ್ಡಿಸ್ ಇಬ್ಬರೇ ಉಳಿದರು. ಉದ್ದದ ಮೇಜಿನ ತುಂಬ ಬನ್ನು, ಸಾಲು ಸಾಲು. ಮಿರ್ನಾ ಒಂದೊಂದನ್ನೇ ಕಾಗದದಲ್ಲಿ ಸುತ್ತುತ್ತಿದ್ದಳು.

"ಬರೋರು ಬರಲಿಲ್ಲ ಅಂತಲ್ಲ. ಅವರಿಗೆ ಗೊತ್ತೇ ಆಗಲಿಲ್ಲ," ಅಂದಳು. "ನಂಗೊತ್ತು. ಅವತ್ತು ನಾನು ಕನ್ನಡಕ ತಂದಿದ್ದೆ ಆರ್ಡಿಸ್. ಚೀಲದಲ್ಲೇ ಇತ್ತು. ಓದಿದ್ರೆ ಬರೀಬೇಕಾಗುತ್ತೆ ಅಂತ ತೆಗೀಲಿಲ್ಲ. ಒಂದು ಕಾಗದ ಬರೆಯೋಕೆ ನನಗೇನಾಗಿತ್ತು ದಾಡಿ?"

ಆರ್ಡಿಸ್ ಕೈಚೀಲ ತೆರೆದು, ಅಂಚು ಮುದುಡಿದ ಒಂದು ಲಕೋಟೆಯನ್ನು ತೆಗೆದು ಬನ್ನುಗಳ ನಡುವೆ ಇಟ್ಟಳು. ಅಂಚೆಚೀಟಿ ಇನ್ನೂ ಹೊಸದಾಗಿಯೇ ಇತ್ತು. ಮಿರ್ನಾ ಅದನ್ನು ಎತ್ತಿ, ವಿಳಾಸ ನೋಡಿ, ತಿರುಗಿಸಿ ಬೆನ್ನು ನೋಡಿದಳು.

"ಬರೆದಿದ್ದೆ," ಅಂದಳು ಆರ್ಡಿಸ್. "ಹಾಕಲಿಲ್ಲ."

ಬೈದಿದ್ದರೆ ಆರ್ಡಿಸ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಮಿರ್ನಾ ಲಕೋಟೆಯನ್ನು ಆರ್ಡಿಸ್‌ಳ ಚೀಲಕ್ಕೆ ವಾಪಸು ಹಾಕಿ, ಸುತ್ತುವ ಕಾಗದವನ್ನು ಅವಳ ಕಡೆ ತಳ್ಳಿದಳು.

"ಓರ್ಲಿನ್ ಬಗ್ಗೆ ಬರ್ಕೊಂಡಿದ್ಯಲ್ಲ, ಆ ಹಾಳೆ ಇದೆಯಾ?"

"ಇದೆ."

"ಓದು."

ಆರ್ಡಿಸ್ ಹಾಳೆ ಬಿಡಿಸಿ, ಖಾಲಿ ಅಡುಗೆಮನೆಯಲ್ಲಿ ನಿಂತು, ಹೆಸರಿನಿಂದ ಊಟದ ತನಕ ಓದಿದಳು. ಮುಗಿದ ಮೇಲೆ ಹಾಳೆಯಲ್ಲಿ ಇಲ್ಲದ ಒಂದು ಸಾಲನ್ನೂ ಹೇಳಿದಳು. ಬಸ್ಸು ಒಂದು ದಿನವೂ ತಡವಾಗಿರಲಿಲ್ಲ ಅಂದಳು.